ಚೆನ್ನಾಗಿದ್ದೀನಿ ಅಂತ ರಜ ಹಾಕಿದ ನೀರುಗಂಟಿ

ಕಾಲು ನೀಡ್ಕೊಂಡು ಕೂತ್ಕೊಳ್ಳಿ. ಎಲೆ ಅಡಿಕೆ ಆಮೇಲೆ ಹಾಕ್ಕೊಂಡ್ರಾಯ್ತು. ಹೋದ ಸಲ ಬಾಯಲ್ಲಿ ಎಲೆ ಇಟ್ಕೊಂಡು ಯಾರೋ ನಕ್ಕು ನನ್ನ ಬಿಳಿ ಪಂಚೆ ಕೆಂಪಾದದ್ದು ಇನ್ನೂ ಹೋಗಿಲ್ಲ.

ಗೊರವನಕಟ್ಟೆ ಅನ್ನೋ ಊರಲ್ಲಿ ಈರತಾಯಮ್ಮ ಅಂತ ಒಬ್ಬಳು ತಾಯಿ. ಅವಳಿಗೆ ಕಪನಯ್ಯ ಅಂತ ಒಬ್ಬನೇ ಮಗ. ವಯಸ್ಸು ಮೂವತ್ತು ದಾಟಿತ್ತು, ಬುದ್ಧಿ ಮಾತ್ರ ಹೇಳಿಕೊಟ್ಟಷ್ಟೇ. ಹೇಳಿದ್ದನ್ನೆಲ್ಲ ಮಾಡೋನು, ಹೇಳದೆ ಇದ್ದದ್ದು ಒಂದೂ ಮಾಡ್ತಿರಲಿಲ್ಲ. "ಬಾಗಿಲು ನೋಡ್ಕೋ" ಅಂದ್ರೆ ಸಾಯಂಕಾಲದವರೆಗೂ ಬಾಗಿಲನ್ನೇ ನೋಡ್ಕೊಂಡು ನಿಲ್ಲೋನು. ಬೆಕ್ಕು ಹಾಲು ಕುಡಿದು ಹೋದ್ರೆ ಅದು ಅವನ ತಪ್ಪಲ್ಲ. ಅವನಿಗೆ ಹೇಳಿದ್ದು ಬಾಗಿಲು.

ಊರೋರು ಪೆದ್ದ ಅನ್ನೋರು. ನಾನು ಅನ್ನಲ್ಲ. ಯಾಕೆ ಅಂತ ಮುಂದೆ ನಿಮಗೇ ಗೊತ್ತಾಗುತ್ತೆ.

ಆ ಊರಿನ ಪಂಚಾಯ್ತಿಯೋರು ಕಪನಯ್ಯನ್ನ ನೀರುಗಂಟಿ ಮಾಡ್ಕೊಂಡಿದ್ರು. ಬೆಳಗ್ಗೆ ಆರಕ್ಕೆ ಟ್ಯಾಂಕಿನ ಹತ್ರ ಹೋಗೋದು, ಉದ್ದನೆ ಕಬ್ಬಿಣದ ಸಲಾಕೆ ಹಾಕಿ ವಾಲ್ ತಿರುಗಿಸೋದು, ಬೀದಿಬೀದಿಗೆ ನೀರು ಬಿಡೋದು. ಊರಲ್ಲಿ ಇದ್ದದ್ದು ಮೂರೇ ಬೀದಿ: ಗೌಡರ ಬೀದಿ, ನಡುಬೀದಿ, ಕೆಳಗಲ ಬೀದಿ. "ಒಂದೊಂದು ಬೀದಿಗೆ ಅರ್ಧ ಗಂಟೆ" ಅಂತ ಪಂಚಾಯ್ತಿ ಅಧಿಕಾರಿ ಪಿಡಿಓ ಮೇಡಂ ಹೇಳಿದ್ರು. ಹೇಳಿದ್ದೇ ತಡ, ಕಪನಯ್ಯ ಕೊರಳಿಗೆ ಒಂದು ಅಲಾರಂ ಗಡಿಯಾರ ನೇತು ಹಾಕ್ಕೊಂಡ. ಅರ್ಧ ಗಂಟೆ ಅಂದ್ರೆ ಅರ್ಧ ಗಂಟೆ. ಅಧ್ಯಕ್ಷ ಹೊಂಬಾಳೇಗೌಡರ ಮನೆ ಡ್ರಮ್ಮು ಅರ್ಧ ತುಂಬಿರಲಿ, ಮುಕ್ಕಾಲು ತುಂಬಿರಲಿ, ಗಡಿಯಾರ ಕಿರ್ರ್ ಅಂದ ತಕ್ಷಣ ವಾಲ್ ಬಂದ್.

ದೇವರು ವರ ಕೊಟ್ರೂ ಪೂಜಾರಿ ಕೊಡಬೇಕಲ್ಲ. ಮೇಡಮ್ಮಿಗೆ ಇವನು ಇಷ್ಟ, ಅಧ್ಯಕ್ಷರಿಗೆ ಕಷ್ಟ. "ಇವನನ್ನ ತೆಗೆದು ನನ್ನ ಬಾಮೈದ ಬೆಟ್ಟರಾಜುನ ಹಾಕಣ. ನವೆಂಬರ್ ಮೂವತ್ತಕ್ಕೆ ಮೀಟಿಂಗು, ಅವತ್ತೇ ತೀರ್ಮಾನ" ಅಂದ್ಬಿಟ್ರು.

ಸುದ್ದಿ ಕೇಳಿ ಈರತಾಯಮ್ಮ ಮುದ್ದೆ ತಟ್ಟೆ ಪಕ್ಕಕ್ಕೆ ತಳ್ಳಿದಳು. ಅವಳಿಗೆ ಇದ್ದದ್ದು ಒಂದೇ ಭಯ, ಹಗಲು ರಾತ್ರಿ ಅದೇ ಭಯ. ನಾನು ಕಣ್ಣು ಮುಚ್ಚಿದ ಮೇಲೆ ಇವನಿಗೆ ಯಾರು ದಿಕ್ಕು? ಕೆಲಸ ಒಂದು ಕಾಯಂ ಆದ್ರೆ ತುತ್ತು ಅನ್ನಕ್ಕೆ ದಾರಿ ಆಗ್ತಿತ್ತು. ಅದಕ್ಕೇ ಗೋಡೆ ಮೇಲಿನ ಕ್ಯಾಲೆಂಡರಿಗೆ ಕೈಮುಗಿದು ಹರಕೆ ಹೊತ್ತಳು. "ಮೂವತ್ತರವರೆಗೂ ಈ ಕ್ಯಾಲೆಂಡರಲ್ಲಿ ಏನೇನು ಬರೆದಿದ್ಯೋ ಒಂದೂ ಬಿಡದಂಗೆ ಆಚರಿಸ್ತೀವಿ. ನನ್ನ ಮಗನ ಕೆಲಸ ಉಳಿಸಪ್ಪಾ." ಅವಳಿಗೆ ಓದು ಬರದು. ಏಕಾದಶಿ, ಸಂಕಷ್ಟಿ, ಅಮಾವಾಸ್ಯೆ, ಯಾವುದನ್ನೂ ಅವಳು ಆವರೆಗೂ ತಪ್ಪಿಸಿದ್ದಿಲ್ಲ.

ಆದರೆ ಆ ಕ್ಯಾಲೆಂಡರು ಗೊಬ್ಬರದ ಅಂಗಡಿಯೋರು ಹಂಚಿದ್ದು. ದೀಪಾವಳಿ ಕಳೆದ ಮೇಲೆ ನವೆಂಬರ್ ಕೊನೆಗೆ ಹಬ್ಬ ಕಮ್ಮಿ ನೋಡಿ, ತಾರೀಕಿನ ಮನೆಗಳು ಖಾಲಿ ಬಿದ್ದಿದ್ವು. ಖಾಲಿ ಬಿಟ್ರೆ ಲಕ್ಷಣವಾಗಿರಲ್ಲ ಅಂತ ಅಂಗಡಿಯೋನು ಫೋನಲ್ಲಿ ಹುಡುಕಿ, ಪರದೇಶದ ಜನ ತಮಾಷೆಗೆ ಆಚರಿಸೋ ದಿನಗಳನ್ನೆಲ್ಲ ತಂದು ತುಂಬಿಬಿಟ್ಟಿದ್ದ.

ಇಪ್ಪತ್ತೊಂದನೇ ತಾರೀಕು ಬೆಳಗ್ಗೆ ಈರತಾಯಮ್ಮ ಕೇಳಿದಳು, "ಇವತ್ತೇನ್ಲಾ ವಿಶೇಷ?"

ಕಪನಯ್ಯ ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದ. "ಹತ್ತು ಜನಕ್ಕೆ ನಮಸ್ಕಾರ ಹೇಳುವ ದಿನ."

"ಎಂಥಾ ಒಳ್ಳೇ ದಿನ. ಹೇಳ್ಬುಟ್ಟು ಬಾ."

"ಆಗ್ಲವ್ವ" ಅಂದ ಕಪನಯ್ಯ. ಅವನು ಆಗ್ಲಿ ಅಂದ ಅಂದ್ರೆ ಆಯ್ತು ಅಂತಲೇ ತಿಳ್ಕೊಳ್ಳಿ.

ಹಾಲಿನ ಡೇರಿ ಹತ್ರ ಆರು ಜನ ಸಿಕ್ರು, ಕ್ಷೌರದ ಅಂಗಡೀಲಿ ನಾಲ್ಕು. ಹತ್ತು ನಮಸ್ಕಾರ ಮುಗೀತು. ತಿರುಗಿದ್ರೆ ಎದುರಿಗೆ ಹೊಂಬಾಳೇಗೌಡರು.

"ಏನ್ಲಾ ಕಪನಿ, ದೊಡ್ಡೋರು ಕಂಡ್ರೆ ಒಂದು ನಮಸ್ಕಾರನೂ ಇಲ್ವಾ?"

"ಇತ್ತು ಗೌಡ್ರೇ, ಹತ್ತೇ ಇದ್ದದ್ದು. ಈಗ ತಾನೇ ಖರ್ಚಾಯ್ತು. ನೀವು ಸ್ವಲ್ಪ ಬೇಗ ಬರಬೇಕಿತ್ತು."

ಕ್ಷೌರದ ಅಂಗಡೀಲಿ ಅರ್ಧ ಗಡ್ಡ ಬೋಳಿಸಿಕೊಂಡಿದ್ದೋನು ನಕ್ಕು ಕೆನ್ನೆ ಕುಯ್ಸಿಕೊಂಡ. ಸುದ್ದಿ ಕೇಳಿ ಈರತಾಯಮ್ಮ ತಲೆ ತಲೆ ಚಚ್ಚಿಕೊಂಡಳು. "ಅಯ್ಯೋ ನನ್ನ ಕರ್ಮವೇ. ಗೌಡರು ಎದುರು ಬಂದ್ರೆ ಎಲ್ಲಿದ್ರೂ ಸರಿ, ಅಲ್ಲೇ ಇಳಿದು ಎರಡೂ ಕೈ ಎತ್ತಿ ಮುಗೀಬೇಕು. ಅವರು ಹೋಗೋವರೆಗೂ ಅಲ್ಲಾಡಬಾರದು. ತಿಳೀತಾ?"

"ಆಗ್ಲವ್ವ."

ಮಾರನೇ ದಿನ ಕ್ಯಾಲೆಂಡರು ಹೇಳ್ತು, "ಸುಮ್ಮನೆ ಸವಾರಿ ಹೋಗುವ ದಿನ." ಇದರಲ್ಲೇನು ಕೇಡು ಅಂತ ಈರತಾಯಮ್ಮನೂ ಸೈಕಲ್ಲಿನ ಹಿಂದೆ ಕ್ಯಾರಿಯರ್ ಮೇಲೆ ಕೂತಳು. ಅವಳು ಸವಾರಿ ಅಂತ ಹೋಗಿ ಎಷ್ಟು ವರ್ಷ ಆಗಿತ್ತೋ. ಕೆರೆ ಏರಿ ಮೇಲೆ ತಣ್ಣಗೆ ಗಾಳಿ, ಮಗನ ಬೆನ್ನು ಹಿಡ್ಕೊಂಡು ಹೋಗ್ತಾ ಇದ್ರೆ ಅವಳಿಗೆ ಒಂದು ಗಳಿಗೆ ಭಯವೆಲ್ಲ ಮರೆತೇ ಹೋಯ್ತು. ಇಳಿಜಾರಲ್ಲಿ ಸೈಕಲ್ಲು ಓಡ್ತಾ ಇದೆ, ಎದುರಿಗೆ ಬುಲೆಟ್ ಗಾಡೀಲಿ ಹೊಂಬಾಳೇಗೌಡರು.

ಕಪನಯ್ಯ ಇಳಿದ. ಎರಡೂ ಕೈ ಎತ್ತಿ ಮುಗಿದ. ಸೈಕಲ್ಲು ಇಳೀಲಿಲ್ಲ, ಅದು ಈರತಾಯಮ್ಮನ್ನ ಕೂರಿಸ್ಕೊಂಡು ನೆಟ್ಟಗೆ ಕೆಸರುಗದ್ದೆಗೆ ಹೋಯ್ತು.

"ಮಗಾ, ಬಾರ್ಲಾ, ಎತ್ತೋ" ಅಂತ ಅವಳು ಕೆಸರಲ್ಲಿ ಕೂತು ಕೂಗ್ತಾಳೆ. ಇವನು ಕದಲ್ತಾ ಇಲ್ಲ. ಯಾಕೆಂದ್ರೆ ಗೌಡರು ಗಾಡಿ ನಿಲ್ಲಿಸಿ ನಗ್ತಾ ನಿಂತಿದ್ರು, ಹೋಗಿರಲಿಲ್ಲ. ಅವರು ಹೊಟ್ಟೆ ಹಿಡ್ಕೊಂಡು ನಕ್ಕು ಹೋದ ಮೇಲೇ ಇವನು ಗದ್ದೆಗೆ ಇಳಿದದ್ದು.

"ಕೈಲಿ ಹಿಡಿದಿರೋದನ್ನ ಯಾವನು ಬಂದ್ರೂ ಬಿಡಬಾರದು ಕಣ್ಲಾ" ಅಂತ ಈರತಾಯಮ್ಮ ಸೆರಗು ಹಿಂಡಿಕೊಳ್ತಾ ಬೈದಳು. "ಮನೆ ಮುಟ್ಟೋವರೆಗೂ ಬಿಡಬಾರದು. ಮುಷ್ಟಿ ಬಿಗಿ ಹಿಡಿದಿರಬೇಕು."

"ಆಗ್ಲವ್ವ."

ಇಪ್ಪತ್ಮೂರು ಗೋಡಂಬಿ ದಿನ. ಗೋಡಂಬಿಗೂ ಒಂದು ದಿನವಾ ಅಂತ ಈರತಾಯಮ್ಮನಿಗೆ ಅನ್ನಿಸ್ತು, ಆದರೂ ಹರಕೆ ಹರಕೆಯೇ. ಪಾಯಸ ಮಾಡಿ ಎಡೆ ಇಡಣ ಅಂತ ಅವಳ ಯೋಚನೆ. ಕಪನಯ್ಯ ಆರಕ್ಕೆ ಗೌಡರ ಬೀದಿಗೆ ನೀರು ಬಿಟ್ಟು, ಅರ್ಧ ಗಂಟೇಲಿ ಅಂಗಡಿಗೆ ಹೋಗಿ ಒಂದು ಹಿಡಿ ಗೋಡಂಬಿ ತಗೊಂಡು ಟ್ಯಾಂಕಿಗೆ ವಾಪಸ್ಸು ಬಂದ. ಗಡಿಯಾರ ಕಿರ್ರ್ ಅಂತು. ವಾಲ್ ತಿರುಗಿಸೋಕೆ ಎರಡು ಕೈ ಬೇಕು. ಒಂದು ಕೈಲಿ ಗೋಡಂಬಿ. ಜೇಬಿಗೆ ಹಾಕಿದ್ರೆ ಕೈ ಬಿಟ್ಟಂಗೇ ಅಲ್ವಾ? ಮುಷ್ಟಿ ಬಿಗಿ ಹಿಡ್ಕೊಂಡು ನಿಂತೇ ನಿಂತ. ಟ್ಯಾಂಕಿನ ನೀರೆಲ್ಲ ಗೌಡರ ಬೀದಿಗೇ ಸುರಿದುಹೋಯ್ತು. ಡ್ರಮ್ಮು ತುಂಬಿ, ತೊಟ್ಟಿ ತುಂಬಿ, ಬುಲೆಟ್ ಗಾಡಿಗೂ ಸ್ನಾನ ಆಯ್ತು.

ಗೌಡರಿಗೆ ಖುಷಿಯೋ ಖುಷಿ. "ನಿನ್ನ ಮಗ ಈಗ ದಾರಿಗೆ ಬಂದ ಈರತಾಯಿ. ಹಿಂಗೇ ಇದ್ರೆ ಮೂವತ್ತಕ್ಕೆ ಏನೂ ತೊಂದರೆ ಇಲ್ಲ" ಅಂತ ಹೇಳಿ ಕಳಿಸಿದ್ರು.

ನೋಡಿ, ಈಗ ಅವಳು ಸುಮ್ಮನಿದ್ದಿದ್ರೆ ಕೆಲಸ ಉಳೀತಿತ್ತು. ಆದರೆ ಬಾಗಿಲಲ್ಲಿ ಕೆಳಗಲ ಬೀದಿ ಹೆಂಗಸರು ಖಾಲಿ ಬಿಂದಿಗೆ ಹಿಡಿದು ನಿಂತಿದ್ರು. ಅವಳೂ ಅದೇ ಬೀದಿಯೋಳು, ಅವಳ ಬಿಂದಿಗೆಯೂ ಖಾಲಿ. ಈರತಾಯಮ್ಮ ಬಿಂದಿಗೆಗಳನ್ನ ನೋಡಿದಳು, ಮಗನ್ನ ನೋಡಿದಳು. ಆಮೇಲೆ ಹೇಳಿದಳು, "ತಪ್ಪು ಮಾಡ್ದೆ ಕಪನಿ. ಊರಿಗೆ ಅಂತ ಬಂದದ್ದು ಕುಡಿಯೋದಾಗ್ಲಿ ತಿನ್ನೋದಾಗ್ಲಿ, ಎಲ್ಲರಿಗೂ ಸಮ. ಎಲ್ಲ ಮನೆಗೂ ಮುಟ್ಟಿಸು, ಕೆಳಗಲ ಬೀದಿಯಿಂದ ಶುರು ಮಾಡು." ಎಂಥಾ ಹೆಂಗಸು ಅಂತೀರಿ! ತನ್ನ ಹೊಟ್ಟೆ ಮೇಲೆ ತಾನೇ ಕಲ್ಲು ಹಾಕ್ಕೊಂಡಳು.

"ಆಗ್ಲವ್ವ."

ಇಪ್ಪತ್ನಾಲ್ಕು, ಇಪ್ಪತ್ತೈದಕ್ಕೆ ಗೊಬ್ಬರದ ಅಂಗಡಿಯೋನಿಗೂ ಏನೂ ಸಿಕ್ಕಿರಲಿಲ್ಲ, ದೇವರ ದಯ. ಇಪ್ಪತ್ತಾರು ಕೇಕಿನ ದಿನ. ಆವತ್ತೇ ಹೊಂಬಾಳೇಗೌಡರ ಹುಟ್ಟುಹಬ್ಬ ಆಗಬೇಕಾ? ಪ್ಯಾಟೆ ಬೇಕರಿಯಿಂದ ಐದು ಕೇಜಿ ಕೇಕು ತರೋಕೆ ಬಾಮೈದ ಬೆಟ್ಟರಾಜುಗೆ ಹೇಳಿದ್ರು. ಅವನಿಗೆ ಎಂಟು ಗಂಟೆ ಆದ್ರೂ ಬೆಳಗಾಗಿರಲಿಲ್ಲ. ಕೊನೆಗೆ, ನೀರು ಬಿಟ್ಟು ಮುಗಿಸಿದ್ದ ಕಪನಯ್ಯನ್ನೇ ಕಳಿಸಿದ್ರು. "ಊರಿಗೆಲ್ಲ ಹಂಚೋ ಕೇಕು ಕಣ್ಲಾ, ಹುಷಾರು."

ಊರಿಗೆಲ್ಲ ಹಂಚೋದು ಅಂದ ಮೇಲೆ ಮುಗೀತಲ್ಲ. ಕಪನಯ್ಯ ಕೆಳಗಲ ಬೀದಿಯಿಂದ ಶುರು ಮಾಡ್ದ. ಮನೆಗೊಂದು ತುಂಡು, ಅಳತೆ ತಪ್ಪಲಿಲ್ಲ. ಆ ಬೀದಿ ಮಕ್ಕಳು ಮೂಗಿಗೆಲ್ಲ ಕೆನೆ ಮೆತ್ಕೊಂಡು ಕುಣಿದ್ವು. ಹಾಸಿಗೆ ಹಿಡಿದಿದ್ದ ಒಂದು ಮುದುಕಿ "ಇದೇನಪ್ಪಾ ಇಷ್ಟು ಮೆತ್ತಗೆ" ಅಂತ ಬಾಯಿ ಚಪ್ಪರಿಸಿತು. ಹನ್ನೊಂದಕ್ಕೆ ಗೌಡರ ಮನೆ ಶಾಮಿಯಾನಕ್ಕೆ ಬಂದು ಡಬ್ಬ ಇಟ್ಟ. ಗೌಡರು ಪೇಟ ಸರಿಮಾಡ್ಕೊಂಡು, ಚಾಕು ಹಿಡಿದು, ಫೋಟೋದೋನಿಗೆ ಸನ್ನೆ ಮಾಡಿ ಮುಚ್ಚಳ ತೆಗೆದ್ರು. ಒಳಗೆ ಎರಡು ಬೆರಳಗಲದ ತುಂಡು, ಅದರ ಮೇಲೆ ಒಂದು ಮೇಣದಬತ್ತಿ.

"ಎಲ್ಲರಿಗೂ ಸಮ ಬಂತು ಗೌಡ್ರೇ. ಇದು ನಿಮ್ಮ ಪಾಲು" ಅಂದ ಕಪನಯ್ಯ.

ಗೌಡರು ಆ ಚಾಕು ಹಿಡ್ಕೊಂಡೇ ಅಟ್ಟಿಸ್ಕೊಂಡು ಬಂದ್ರು. "ಮೂವತ್ತಕ್ಕೆ ನೀನು ಮನೆಗೆ, ಬರೆದಿಟ್ಕೋ!"

ಈರತಾಯಮ್ಮನಿಗೆ ಕೇಕಿನ ವಿಷಯ ಕೇಳಿ ಸೆರಗಿನ ಮರೆಯಲ್ಲಿ ನಗು ಬಂತು, ಅದರ ಹಿಂದೇನೇ ಅಳೂ ಬಂತು. "ನಾನು ಬುದ್ಧಿ ಹೇಳಿ ಹೇಳೇ ನಿನ್ನ ಕೆಡಿಸ್ದೆ ಮಗಾ. ಇನ್ನು ನನ್ನ ಮಾತೂ ಕೇಳಬೇಡ, ಯಾರ ಮಾತೂ ಕೇಳಬೇಡ. ಕ್ಯಾಲೆಂಡರಲ್ಲಿ ಇದ್ದಂಗೆ ಮಾಡು. ಯಾರು ಬಂದು ಕಾಲು ಹಿಡಿದ್ರೂ ಜಗ್ಗಬೇಡ."

"ಆಗ್ಲವ್ವ."

ಆಮೇಲೊಂದು ದಿನ 'ಏನನ್ನೂ ಕೊಳ್ಳದ ದಿನ' ಬಂತು. ಅದನ್ನ ತಾಯಿ ಮಗ ಹುಟ್ಟಿದಾಗಿನಿಂದ ಆಚರಿಸ್ಕೊಂಡೇ ಬಂದಿದ್ರು, ತೊಂದರೆ ಆಗಲಿಲ್ಲ.

ಮೂವತ್ತು ಬಂತು. ಕಪನಯ್ಯ ಎದ್ದು ಕ್ಯಾಲೆಂಡರು ಓದಿದ. "ಆರೋಗ್ಯ ಚೆನ್ನಾಗಿದೆ ಅಂತ ಕೆಲಸಕ್ಕೆ ಹೋಗದೆ ಮನೆಯಲ್ಲೇ ಇರುವ ದಿನ." ಮೂಗು ಎಳೆದು ನೋಡ್ಕೊಂಡ, ನೆಗಡಿ ಇಲ್ಲ. ಹೊಟ್ಟೆ ಒತ್ತಿ ನೋಡ್ಕೊಂಡ, ನೋವಿಲ್ಲ. ಸಲಾಕೆಯನ್ನ ತೊಡೆ ಮೇಲೆ ಅಡ್ಡ ಇಟ್ಕೊಂಡು ಜಗಲಿ ಮೇಲೆ ಕೂತ.

"ಏಳ್ಲಾ, ಇವತ್ತೇ ಮೀಟಿಂಗು, ಇವತ್ತೇ ಹೋಗಲ್ಲ ಅಂದ್ರೆ ಹೆಂಗ್ಲಾ?" ಈರತಾಯಮ್ಮ ಅವನ ರಟ್ಟೆ ಹಿಡಿದು ಎಳೆದಳು.

"ನಿನ್ನ ಮಾತೂ ಕೇಳಬೇಡ ಅಂದಿದ್ದೀಯಲ್ಲವ್ವ."

ಆರೂವರೆ ಆಯ್ತು, ಏಳಾಯ್ತು. ನಲ್ಲಿಗಳು ಬುಸ್ ಅಂದು ಸುಮ್ಮನಾದ್ವು. ಗೌಡರಿಗೆ ಇದೇ ಬೇಕಿತ್ತು. ಬಾಮೈದನ್ನ ಎಬ್ಬಿಸಿ, ಬೇರೆ ಸಲಾಕೆ ಕೊಟ್ಟು ಟ್ಯಾಂಕಿಗೆ ಅಟ್ಟಿದ್ರು. ಬೆಟ್ಟರಾಜು ಆಕಳಿಸ್ಕೊಂಡು ಹೋಗಿ ಕೈಗೆ ಸಿಕ್ಕ ವಾಲ್ ತಿರುಗಿಸ್ದ. ನೀರು ಬಂತು, ನಲ್ಲೀಲಿ ಅಲ್ಲ, ಪಂಚಾಯ್ತಿ ಆಫೀಸಿನ ಅಂಗಳಕ್ಕೆ. ಮೀಟಿಂಗಿಗೆ ಹಾಕಿದ್ದ ಕುರ್ಚಿಗಳು ನೀರಲ್ಲಿ ನಿಂತ್ಕೊಂಡ್ವು. ಅದನ್ನ ಬಂದ್ ಮಾಡೋದು ಹೆಂಗೆ ಅಂತ ಬೆಟ್ಟರಾಜುಗೆ ಗೊತ್ತಿಲ್ಲ.

ಮೂರು ಬೀದಿ ಹೆಂಗಸರು ಬಿಂದಿಗೆ ಹೊತ್ಕೊಂಡು ಕಪನಯ್ಯನ ಜಗಲಿಗೆ ಬಂದ್ರು. ಹಿಂದೇನೇ ಪಿಡಿಓ ಮೇಡಂ, ಅವರ ಹಿಂದೆ ಒದ್ದೆ ಪಂಚೆ ಎತ್ತಿಕೊಂಡು ಗೌಡರು.

"ಹುಷಾರಿಲ್ವ ಕಪನಯ್ಯ?" ಅಂದ್ರು ಮೇಡಂ.

"ಹುಷಾರಾಗಿದ್ದೀನಿ ಮೇಡಮ್ಮೋರೆ. ಅದಕ್ಕೇ ಬಂದಿಲ್ಲ."

"ನೋಡಿದ್ರಾ ಮೇಡಂ ಕೊಬ್ಬು? ಇದಕ್ಕೇ ನಾನು ನಮ್ಮ ಬೆಟ್ಟರಾಜುನ..." ಅಂತ ಗೌಡರು ಶುರು ಮಾಡೋದರೊಳಗೆ ಮುಂದಿನ ಸಾಲಲ್ಲಿ ಒಂದು ಬಿಂದಿಗೆ ಠಣ್ ಅಂತ ನೆಲಕ್ಕೆ ಬಿತ್ತು. ಯಾರದು ಅಂತೀರಿ? ಗೌಡರ ಹೆಂಡತಿ ತಿಮ್ಮಾಜಮ್ಮಂದು. ಬೆಟ್ಟರಾಜುಗೆ ಒಡಹುಟ್ಟಿದ ಅಕ್ಕ.

"ನಮ್ಮ ಬೆಟ್ಟರಾಜು ಸುದ್ದಿ ಎತ್ತಬೇಡಿ" ಅಂದಳು ತಿಮ್ಮಾಜಮ್ಮ. "ಹೊತ್ತು ನೆತ್ತಿಗೆ ಬರೋವರೆಗೂ ಮಲಗೋನು ಅವನು, ನಾನೇ ಎತ್ತಿ ಆಡಿಸಿದ್ದೀನಿ, ನನಗೆ ಗೊತ್ತಿಲ್ವಾ? ಕಪನಿ ಬಂದು ಎರಡು ವರ್ಷ ಆಯ್ತು, ಮೊನ್ನೆ ಗೋಡಂಬಿ ದಿನ ಬಿಟ್ರೆ ಒಂದು ದಿನ ನೀರು ತಪ್ಪಿತ್ತಾ? ಮಳೆ ಬಂದಾಗ ತಪ್ಪಿತ್ತಾ? ಹಬ್ಬದಲ್ಲಿ ತಪ್ಪಿತ್ತಾ? ಅರ್ಧ ಗಂಟೆಯೇ ಬರಲಿ, ಬರುತ್ತೆ ಅಂತ ನಂಬಿ ಒಲೆ ಹಚ್ಚಬಹುದು. ಇವನೇ ಇರಲಿ."

"ಇವನೇ ಇರಲಿ" ಅಂದ್ರು ಮೂರು ಬೀದಿ ಹೆಂಗಸರೂ. ಗೌಡರು ಪಂಚೆ ಹಿಂಡಿಕೊಳ್ತಾ ನಿಂತ್ರು. ಮನೇಲಿ ಊಟ ಹಾಕೋಳೇ ಎದುರು ನಿಂತ ಮೇಲೆ ಇನ್ನೆಂಥ ಅಧ್ಯಕ್ಷತೆ? ಮೇಡಂ ಮೀಟಿಂಗನ್ನ ಆ ಜಗಲಿ ಮೇಲೇ ನಡೆಸಿ, ಕಪನಯ್ಯನ ಕೆಲಸ ಕಾಯಂ ಅಂತ ಪುಸ್ತಕದಲ್ಲಿ ಬರೆದ್ರು. ಈರತಾಯಮ್ಮ ಕಂಬ ಹಿಡ್ಕೊಂಡು ಅತ್ತೇಬಿಟ್ಟಳು.

"ಈಗ ಹೋಗಿ ನೀರು ಬಿಡಪ್ಪ" ಅಂದ್ರು ಮೇಡಂ.

"ನಾಳೆ ಬಿಡ್ತೀನಿ ಮೇಡಮ್ಮೋರೆ. ಇವತ್ತು ಚೆನ್ನಾಗಿದ್ದೀನಲ್ಲ."

ಗೌಡರು ಕೈಮುಗಿದ್ರು, ಜಗ್ಗಲಿಲ್ಲ. ತಿಮ್ಮಾಜಮ್ಮ ಬೆಲ್ಲ ಕೊಡ್ತೀನಿ ಅಂದಳು, ಜಗ್ಗಲಿಲ್ಲ. ಈರತಾಯಮ್ಮ ಕಣ್ಣೊರೆಸ್ಕೊಂಡು ಬಂದು ಮಗನ ಹಣೆ ಮೇಲೆ ಕೈ ಇಟ್ಟಳು. "ಅಯ್ಯೋ ಮಗಾ, ಮೈ ಕೆಂಡ ಆಗೈತಲ್ಲೋ. ನಿಂಗೆ ಜ್ವರ."

"ಹೌದೇನವ್ವ?" ಕಪನಯ್ಯ ದಡಬಡ ಎದ್ದ. "ಮೊದಲೇ ಹೇಳಬಾರದಾ? ಮೈ ಹುಷಾರಿಲ್ಲ ಅಂದ್ರೆ ಮನೇಲಿ ಕೂರಂಗಿಲ್ಲ!" ಸಲಾಕೆ ಹೆಗಲಿಗೆ ಹಾಕ್ಕೊಂಡು ಓಡೇ ಓಡ್ದ. ಆಫೀಸಿನ ಅಂಗಳಕ್ಕೆ ಹೋಗ್ತಿದ್ದ ನೀರು ಬಂದ್ ಮಾಡಿ, ಕೆಳಗಲ ಬೀದಿಯಿಂದ ಶುರು ಮಾಡಿ ಮೂರು ಬೀದಿಗೂ ಅರ್ಧರ್ಧ ಗಂಟೆ ನೀರು ಬಿಟ್ಟ.

ಅಲ್ಲಿಗೆ ಮುಗೀತು ಅಂದ್ಕೊಂಡ್ರಾ? ಮಾರನೇ ಬೆಳಗ್ಗೆ ಕಪನಯ್ಯ ಸಲಾಕೆ ಹಿಡಿದು ಜಗಲಿ ಮೇಲೇ ಕೂತಿದ್ದ. "ಅವ್ವ, ಹಣೆ ಮುಟ್ಟಿ ನೋಡು. ಜ್ವರ ಇದ್ರೆ ಹೋಗ್ತೀನಿ." ಅವಳು ಮುಟ್ಟಿ, ಇದೆ ಅಂದಳು. ಅದರ ಮಾರನೇ ದಿನವೂ ಅದೇ, ಆಮೇಲೂ ಅದೇ. ಕ್ಯಾಲೆಂಡರು ಬದಲಾದ್ರೂ ಅವನು ಬದಲಾಗಲಿಲ್ಲ.

ಒಂದು ದಿನ ಈರತಾಯಮ್ಮನಿಗೇ ನಿಜವಾದ ಜ್ವರ ಬಂದು ಏಳೋಕಾಗಲಿಲ್ಲ. ಆರು ಗಂಟೆ ಆಯ್ತಲ್ಲ, ಇವನ ಹಣೆ ಮುಟ್ಟೋರು ಯಾರು ಅಂತ ಕಂಬಳಿಯೊಳಗಿಂದಲೇ ಒದ್ದಾಡಿದಳು. ಜಗಲಿ ಕಡೆ ಮಾತು ಕೇಳಿಸ್ತು. ಕತ್ತು ಚಾಚಿ ನೋಡಿದ್ರೆ, ಕೆಳಗಲ ಬೀದಿ ಹೆಂಗಸರು ನಾಲ್ಕು ಜನ, ನಡುಬೀದಿಯೋರು ಇಬ್ಬರು, ಅವರ ಮುಂದೆ ತಿಮ್ಮಾಜಮ್ಮ. ಒಬ್ಬೊಬ್ಬರಾಗಿ ಅವನ ಹಣೆ ಮುಟ್ಟಿ, "ಅಪ್ಪಪ್ಪಾ, ಏನು ಸುಡ್ತೈತೆ, ಓಡು ಕಪನಿ" ಅಂತಿದ್ರು.

ಈರತಾಯಮ್ಮ ಮತ್ತೆ ಕಂಬಳಿ ಹೊದ್ದುಕೊಂಡಳು. ಎಷ್ಟೋ ವರ್ಷದ ಮೇಲೆ ಅವಳಿಗೆ ಭಯವಿಲ್ಲದೆ ನಿದ್ದೆ ಬಂತು. ಕಪನಯ್ಯ ಹಣೆಗೆ ಒದ್ದೆ ಬಟ್ಟೆ ಕಟ್ಕೊಂಡು, ಕೊರಳಲ್ಲಿ ಗಡಿಯಾರ ಹಾಕ್ಕೊಂಡು, "ದಾರಿ ಬಿಡಿ, ತುಂಬಾ ಜ್ವರ, ಕೆಲಸಕ್ಕೆ ಹೋಗಬೇಕು" ಅಂತ ಟ್ಯಾಂಕಿನ ಕಡೆ ಓಡ್ದ.