ಗುಡದಪ್ಪ ವ್ಯಾನಿನಲ್ಲಿ ಜಾಗ ಮಾಡಿದ್ದು

ಹೂಂ ಅನ್ನುವವರಿದ್ದರೆ ಹೇಳುತ್ತೇನೆ. ಇಲ್ಲದಿದ್ದರೆ ಮಲಗಿ.

ಕುಂದಗೋಳದಲ್ಲಿ ಫಕೀರವ್ವ ಅಂತ ಒಬ್ಬ ತಾಯಿ. ಅವಳಿಗೆ ಗುಡದಪ್ಪ ಅಂತ ಒಬ್ಬನೇ ಮಗ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ಅವನ ರೋಗ. "ಬಾಗಿಲಾ ನೋಡಕೋತ ಇರು" ಅಂದು ತಾಯಿ ಸಂತೆಗೆ ಹೋದಳು. ಕಳ್ಳ ಹಿತ್ತಲಿಂದ ಬಂದು ತಾಮ್ರದ ಕೊಡ ಒಯ್ದ. ಇವನು ಬಾಗಿಲನ್ನೇ ನೋಡುತ್ತಿದ್ದ.

ಗಂಡ ಬಿಟ್ಟುಹೋದದ್ದು ಎರಡು. ಒಂದು ಈ ಮಗ. ಇನ್ನೊಂದು, ಬ್ರೆಡ್ಡು ಮಾರುತ್ತಿದ್ದ ಹಳೆಯ ವ್ಯಾನು. ಮಗನಿಗೆ ವ್ಯಾನು ಓಡಿಸಲು ಕಲಿಸಿ ಸತ್ತಿದ್ದ. ಅಷ್ಟು ಪುಣ್ಯ.

ಫಕೀರವ್ವನಿಗೆ ಸಮುದ್ರ ನೋಡಬೇಕಿತ್ತು. ಅಂಕೋಲೆಗೆ ಕರೆದೊಯ್ಯುತ್ತೇನೆ ಅಂತ ಗಂಡ ವರ್ಷವರ್ಷವೂ ಹೇಳಿದ. ಒಯ್ಯಲಿಲ್ಲ. ಈಗ ಒಂದು ಕಣ್ಣಿಗೆ ಪೊರೆ ಬಂದಿತ್ತು. ಇನ್ನೊಂದು ಇರುವಾಗಲೇ ನೋಡಬೇಕು.

ವ್ಯಾನಿನೊಳಗೆ ಮಲಗಲು ಹಲಗೆ ಹಾಕಿಸಿದಳು. ಅಡಿಗೆಗೆ ಸ್ಟೌ ಇಡಿಸಿದಳು. ಹಾದಿಯಲ್ಲೇ ಉಂಡು, ಹಾದಿಯಲ್ಲೇ ಮಲಗಿ ಹೋಗಿಬರುವುದು ಅಂತ. ಸಾಮಾನು ಇಡಲು ಮಾತ್ರ ಜಾಗ ಉಳಿಯಲಿಲ್ಲ.

"ಗುಡದಾ, ಎಲ್ಲಾ ಒಳಗ ತುಂಬು," ಅಂದಳು.

ತುಂಬಿದ. ಒಂದರ ಮೇಲೊಂದು, ಚಾವಣಿ ಮುಟ್ಟುವ ತನಕ ತುಂಬಿದ. ಹುಬ್ಬಳ್ಳಿ ಬಂತು. ಎಮ್ಮೆ ಅಡ್ಡ ಬಂತು. ಬ್ರೇಕು ಹಾಕಿದ. ರೊಟ್ಟಿ ಹಂಚು ಹಾರಿ ಬಂದು ಅವ್ವನ ಕಾಲ ಮೇಲೆ ಕೂತಿತು.

"ಅಯ್ಯಯ್ಯೋ, ಸತ್ತೆ! ಯಾವ ಹುಚ್ಚ ಹಿಂಗ ಇಡ್ತಾನೋ?"

"ನೀನ ಹೇಳಿದ್ದೆಲ್ಲಬೇ, ಒಳಗ ತುಂಬು ಅಂತ."

"ಟಾಪ್ ಮ್ಯಾಲೆ ಇಟ್ಟು ಹಗ್ಗ ಬಿಗಿಬೇಕಿತ್ತೋ, ಮಂಗ್ಯಾ!"

"ಆತಬೇ ಯವ್ವಾ. ಮುಂದಿನ ಸಲ ಹಂಗ ಮಾಡ್ತೇನಿ."

ಗಾಡಿ ತಿರುಗಿತು.

ಊರಲ್ಲಿ ಎದುರು ಮನೆಯ ರಾಜೇಸಾಬನದು ವೆಲ್ಡಿಂಗ್ ಅಂಗಡಿ. ಅವನು ವ್ಯಾನಿನ ತಲೆ ಮೇಲೆ ಕಬ್ಬಿಣದ ಕ್ಯಾರಿಯರ್ ಕೂರಿಸಿಕೊಟ್ಟ. ಅವ್ವನ ಕಾಲಿನ ಬಾವು ಇಳಿಯಿತು. ಹೊರಟರು. ಗುಡದಪ್ಪ ಎಲ್ಲವನ್ನೂ ಟಾಪ್ ಮೇಲೆ ಕಟ್ಟಿದ್ದ. ಹಾಸಿಗೆ ಟಾಪ್ ಮೇಲೆ. ಅವಲಕ್ಕಿ ಟಾಪ್ ಮೇಲೆ. ಉಪ್ಪು, ಬೆಲ್ಲ ಟಾಪ್ ಮೇಲೆ.

ಕಲಘಟಗಿಯಲ್ಲಿ ಮಳೆ ಹೊಡೆಯಿತು. ಉಪ್ಪು ನೀರಾಯಿತು. ಬೆಲ್ಲ ಕರಗಿ ಮುಂದಿನ ಗಾಜಿನ ಮೇಲೆ ಇಳಿಯಿತು. ವೈಪರ್ ಹಾಕಿದ. ಪಾಕ ಎಳೆ ಬಂತು. ಮಳೆ ನಿಂತಿತು, ನೊಣ ಬಂದವು. ಹಾದಿ ಕಾಣದಾಯಿತು.

"ಬೆಲ್ಲಾ ಯಾರರ ಮಳ್ಯಾಗ ಇಡ್ತಾರೇನೋ?"

"ನೀನ ಹೇಳಿದ್ದೆಲ್ಲಬೇ, ಟಾಪ್ ಮ್ಯಾಲೆ ಇಡು ಅಂತ."

"ಡಬ್ಬ್ಯಾಗ ಹಾಕಿ ಮುಚ್ಚಳಾ ಬಿಗಿ ಮುಚ್ಚಬೇಕಿತ್ತೋ! ಗಾಳಿ ಸೈತ ಹೋಗಬಾರದು, ಹಂಗ!"

"ಆತಬೇ ಯವ್ವಾ. ಮುಂದಿನ ಸಲ ಹಂಗ ಮಾಡ್ತೇನಿ."

ಗಾಡಿ ತಿರುಗಿತು.

ರಾಜೇಸಾಬ ಹಲಗೆಯ ಕೆಳಗೆ ತಗಡಿನ ಪೆಟ್ಟಿಗೆ ಕೂರಿಸಿದ. ಚಿಲಕ ಇಟ್ಟ. "ಜಾಗಾ ಮಾಡಿ ಕೊಡ್ತೇನಿ ಅಕ್ಕಾ," ಅಂದ. "ಬುದ್ಧಿ ವೆಲ್ಡಿಂಗ್ ಮಾಡಾಕ ನನಗ ಬರಂಗಿಲ್ಲ."

ಈ ಸಲ ಫಕೀರವ್ವ ದೋಸೆ ಹಿಟ್ಟು ರುಬ್ಬಿದ್ದಳು. ಗುಡದಪ್ಪ ಹಿಟ್ಟನ್ನು ಡಬ್ಬಿಗೆ ಕಂಠಮಟ್ಟ ಸುರಿದ. ಮುಚ್ಚಳ ಬಿಗಿದ. ತಂತಿ ಸುತ್ತಿದ. ಪೆಟ್ಟಿಗೆಯಲ್ಲಿಟ್ಟು ಚಿಲಕ ಹಾಕಿದ. ಅವ್ವ ಅದರ ಮೇಲಿನ ಹಲಗೆಯಲ್ಲಿ ಮಲಗಿದಳು. ಬಿಸಿಲು ಏರಿತು. ಹಿಟ್ಟೂ ಏರಿತು.

ಯಲ್ಲಾಪುರದ ಹತ್ತಿರ ಢಂ ಅಂತು!

"ಟೈರ್ ಹೋತೇನೋ?" ಅಂತ ಅವ್ವ ಎದ್ದಳು. ಟೈರು ಇತ್ತು. ಚಾವಣಿಗೆ ಹಿಟ್ಟು. ಗಾಜಿಗೆ ಹಿಟ್ಟು. ಅವ್ವನ ತುರುಬಿಗೆ ಹಿಟ್ಟು.

"ಹುಳಿ ಬರೋ ಹಿಟ್ಟಿಗೆ ಹಂಗ ಬಿಗಿತಾರೇನೋ, ನನ ಹೊಟ್ಟ್ಯಾಗ ಹುಟ್ಟಿದ ಕಲ್ಲ?"

"ನೀನ ಹೇಳಿದ್ದೆಲ್ಲಬೇ, ಗಾಳಿ ಸೈತ ಹೋಗಬಾರದು ಅಂತ."

"ಗಾಳಿ ಆಡಾಕ ಒಂದೆರಡು ತೂತು ಇಡಬೇಕಿತ್ತೋ!"

"ಆತಬೇ ಯವ್ವಾ. ಮುಂದಿನ ಸಲ ಹಂಗ ಮಾಡ್ತೇನಿ."

ಗಾಡಿ ತಿರುಗಿತು. ಹಿಟ್ಟು ಒಣಗಿತು. ಕೆರೆದು ತೆಗೆಯುವುದರಲ್ಲಿ ಬೇಸಿಗೆ ಬಂತು.

ಬೇಸಿಗೆ ಅಂದರೆ ನೀರು ಬೇಕು. ರಾಜೇಸಾಬ ವ್ಯಾನಿನ ಹಿಂದೆ ಕಬ್ಬಿಣದ ಚೌಕಟ್ಟು ಕೂರಿಸಿದ, ನೀರಿನ ಡ್ರಮ್ಮು ನಿಲ್ಲಿಸಲು. ಗುಡದಪ್ಪ ಮೊಳೆ ತಂದ. ಸುತ್ತಿಗೆ ತಂದ. ಡ್ರಮ್ಮಿನ ತಳಕ್ಕೆ ಗಾಳಿ ಆಡಲು ತೂತು ಹೊಡೆದ. ಆಮೇಲೆ ನೀರು ತುಂಬಿದ.

ಅರಬೈಲ್ ಘಟ್ಟದ ತಲೆಯ ತನಕ ಬಂದರು. ಇಳಿದರೆ ಅಂಕೋಲೆ. ಎಂಜಿನ್ನು ಕಾದು ಹೊಗೆ ಬಿಟ್ಟು ನಿಂತಿತು.

"ರೇಡಿಯೇಟರಿಗೆ ನೀರು ಹಾಕೋ!"

ಡ್ರಮ್ಮಿನಲ್ಲಿ ಗಾಳಿ ಆಡುತ್ತಿತ್ತು. ನೀರಿರಲಿಲ್ಲ.

ಅಲ್ಲಿ ಸಮುದ್ರದ ಗಾಳಿ ಬೀಸುತ್ತದೆ ಅನ್ನುತ್ತಾರೆ. ಫಕೀರವ್ವನಿಗೆ ಬಂದದ್ದು ಸುಟ್ಟ ಎಂಜಿನ್ನಿನ ವಾಸನೆ. ಎದುರಿನಿಂದ ಘಟ್ಟ ಹತ್ತಿ ಬಂದ ಲಾರಿಯೊಂದು ಹಗ್ಗ ಹಾಕಿ ವ್ಯಾನನ್ನು ವಾಪಸ್ಸು ಎಳೆದುಕೊಂಡು ಹೊರಟಿತು. ದಾರಿಯುದ್ದಕ್ಕೂ ಅವ್ವ ಬೈದಳು.

"ಖಾಲಿ ಡ್ರಮ್ ಹೊತಗೊಂಡು ಬಂದೀಯಲ್ಲೋ! ಕೆಲಸಾ ಮಾಡೋದಷ್ಟ ಗಾಡ್ಯಾಗ ಇರಬೇಕು. ಕೆಲಸಾ ಇಲ್ದ ಸುಮ್ನ ಕುಂದ್ರೋದನ್ನ ಮನ್ಯಾಗ ಬಿಟ್ಟು ಬರಬೇಕು! ಜಾಗಾ ಅಂದ್ರ ಅದು!"

"ಆತಬೇ ಯವ್ವಾ. ಮುಂದಿನ ಸಲ ಹಂಗ ಮಾಡ್ತೇನಿ."

ಎಂಜಿನ್ನು ರಿಪೇರಿ ಆಯಿತು. ಹೊರಡುವ ದಿನ ಬೆಳಿಗ್ಗೆ ಅವ್ವ ಹೊಸ ಸೀರೆ ಉಟ್ಟು ವ್ಯಾನಿನಲ್ಲಿ ಕೂತಳು. ಗುಡದಪ್ಪ ಒಂದೊಂದೇ ಸಾಮಾನು ನೋಡಿದ. ಸ್ಟೌ ಉರಿಯುತ್ತದೆ. ಇರಲಿ. ಹಗ್ಗ ಬಿಗಿಯುತ್ತದೆ. ಇರಲಿ. ಡ್ರಮ್ಮು ಸೋರುತ್ತದೆ. ಅದೂ ಒಂದು ಕೆಲಸ. ಇರಲಿ.

"ಯವ್ವಾ, ಗಾಡ್ಯಾಗ ನೀ ಏನ ಮಾಡ್ತೀಬೇ?"

"ನಾ ಏನ ಮಾಡ್ಲಿ? ಸುಮ್ನ ಕುಂದರ್ತೇನಿ."

ಗುಡದಪ್ಪ ಅವ್ವನನ್ನು ಮೆಲ್ಲಗೆ ಎತ್ತಿದ. ಮನೆಯ ಕಟ್ಟೆ ಮೇಲೆ ಕೂರಿಸಿದ. ವ್ಯಾನು ಹೊರಟಿತು.

"ಏ ಗುಡದಾ! ಏ ಗುಡದಾ! ನನ್ನ ಬಿಟ್ಟೆಲ್ಲೋ!"

ಅವನಿಗೆ ಕೇಳಲಿಲ್ಲ.

ಮರುದಿನ ಸಂಜೆ ಬಂದ. ಮುಖ ಅರಳಿತ್ತು.

"ಯವ್ವಾ, ಏನ್ ಜಾಗಾಬೇ ಗಾಡ್ಯಾಗ! ಕಾಲು ಚಾಚಿ ಮಲಗಿದೆ!"

"ಸಮುದ್ರ ನೋಡಿದೇನೋ?"

"ನೋಡಿದೆ. ಬಾಳ ಐತಿ. ನಿನಗಂತ ಒಂದ್ ಡ್ರಮ್ ತುಂಬಿ ತಂದೇನಿ. ಜಾಗಾ ಇತ್ತಲ್ಲ!"

ಫಕೀರವ್ವ ಹಿಂದೆ ಹೋಗಿ ಡ್ರಮ್ಮಿನೊಳಗೆ ಬಗ್ಗಿ ನೋಡಿದಳು.

"ಎಲ್ಲೈತೋ?"

"ದಾರಿಗುಂಟ ಐತಿಬೇ. ಹಸಿ ನೋಡಕೋತ ನಡಿ, ಅಲ್ಲೇ ಮುಟ್ಟತೀ."

ಅವ್ವ ತಳಕ್ಕೆ ಬೆರಳು ಒರೆಸಿ ನಾಲಿಗೆಗೆ ಇಟ್ಟುಕೊಂಡಳು. ಉಪ್ಪಾಗಿತ್ತು. ಸುಳ್ಳಲ್ಲ, ಸಮುದ್ರವೇ. ಅವಳಿಗೆ ಸಿಟ್ಟು ನೆತ್ತಿಗೇರಿತು. ಬಾಯಿ ತೆರೆದಳು.

"ಮುಂದಿನ ಸಲ..."

"ಹಾಂ, ಹೇಳಬೇ! ಏನ ಮಾಡ್ಲಿ?"

"ಹೇಳಬ್ಯಾಡ ಅಕ್ಕಾ!" ಅಂತ ಎದುರಿನಿಂದ ರಾಜೇಸಾಬ ಕೂಗಿದ. "ಹೇಳಬ್ಯಾಡ!"

ಅವ್ವ ಬಾಯಿ ಮುಚ್ಚಿದಳು. ಯೋಚಿಸಿದಳು. ಆಮೇಲೆ ಅಂದಳು, "ಏನೂ ಮಾಡಬ್ಯಾಡಪಾ. ಇಲ್ಲೇ ಸುಮ್ನ ಕುಂದರು."

"ಆತಬೇ ಯವ್ವಾ."

ಕಟ್ಟೆ ಮೇಲೆ ಕೂತ.

ಬೆಳಗಾದ ಮೇಲೆ ಫಕೀರವ್ವ ಬಸ್ಸು ಹತ್ತಿದಳು. ಒಂದು ಕೈಚೀಲ. ಅದರಲ್ಲಿ ರೊಟ್ಟಿ, ಶೇಂಗಾ ಚಟ್ನಿ, ಒಂದು ಸೀರೆ. ತೊಡೆ ಮೇಲೆ ಇಟ್ಟುಕೊಂಡಳು. ಜಾಗ ಸಾಕಾಯಿತು. ಅಂಕೋಲೆಯಲ್ಲಿ ಇಳಿದು ಒಳ್ಳೆಯ ಕಣ್ಣಿನಿಂದ ಸಮುದ್ರ ನೋಡಿದಳು. ಕಾಲು ತೋಯಿಸಿಕೊಂಡಳು. ತಿರುಗಿ ಬಂದಳು.

ಗುಡದಪ್ಪ ಕಟ್ಟೆ ಮೇಲೆ ಹಾಗೇ ಕೂತಿದ್ದ. ತಲೆ ಮೇಲೆ ಕಾಗೆ ಕೂತಿತ್ತು. ಏಳು ಅಂತ ಯಾರೂ ಹೇಳಿರಲಿಲ್ಲ.

ಹೇಳಬೇಕು ಅಂದುಕೊಂಡಳು ಅವ್ವ. ಎದ್ದರೆ ಏನು ಮಾಡುತ್ತಾನೋ ಅಂತ ಹೇಳಲಿಲ್ಲ. ರೊಟ್ಟಿ ಅಲ್ಲಿಗೇ ತಂದುಕೊಡುತ್ತಾಳೆ. ಕೂತಲ್ಲೇ ಉಣ್ಣುತ್ತಾನೆ.

ಕತೆಯೂ ಅಲ್ಲೇ ಕೂತಿದೆ. ನೀವು ಏಳಿ.