ನೀರು ಕುಡಿಯದ ದೋಣಿ

ಮಕ್ಕಳೇ, ಕೆಲವರ ಕತೆ ಹೇಳುವಾಗ ನಗು ಬರುತ್ತದೆ, ಕೆಲವರ ಕತೆ ಹೇಳುವಾಗ ಅಳು ಬರುತ್ತದೆ. ಈ ಕೆಂಚಪ್ಪನ ಕತೆ ಹೇಳಲು ಕೂತರೆ ನನಗೆ ಬರುವುದು ಸಿಟ್ಟು. ಆದರೂ ಹೇಳುತ್ತೇನೆ, ಕೇಳಿ.

ಒಂದು ಕಾಡಿನಲ್ಲಿ ದೊಡ್ಡ ಕೆರೆ ಇತ್ತು. ಕೆರೆಯ ನಡುವೆ ಒಂದು ನಡುಗಡ್ಡೆ. ದಡದ ದಿಬ್ಬದಲ್ಲಿ ಬಿಲ ತೋಡಿಕೊಂಡು ಕೆಂಚಪ್ಪನೆಂಬ ಮುಳ್ಳುಹಂದಿಯೂ ಅವನ ಹೆಂಡತಿ ದ್ಯಾವಮ್ಮನೂ ವಾಸವಾಗಿದ್ದರು. ನಡುಗಡ್ಡೆಯಲ್ಲಿ ದ್ಯಾವಮ್ಮನ ತಂಗಿ ಹೊನ್ನಿ ಇದ್ದಳು. ಅವಳ ಗಂಡನನ್ನು ಚಿರತೆ ಹಿಡಿದು ಎರಡು ತಿಂಗಳಾಗಿತ್ತು. ಅವಳೀಗ ಬಸುರಿ, ಅದೂ ಚೊಚ್ಚಲು.

ಮೊದಲು ದಡಕ್ಕೂ ನಡುಗಡ್ಡೆಗೂ ನಡುವೆ ಒಂದು ಉರುಳಿದ ಮರ ಸೇತುವೆಯಂತೆ ಬಿದ್ದಿತ್ತು. ಆ ಮಳೆಗಾಲದಲ್ಲಿ ಅದು ಕೊಳೆತು ತೇಲಿಹೋಯಿತು. ಆ ಕಾಡಿನ ಮುಳ್ಳುಹಂದಿಗಳಿಗೆ ಈಜು ಬಾರದು. ನೀರುನಾಯಿ ಮಾದಣ್ಣ ದಿನಕ್ಕೆ ಹತ್ತು ಸಲ ಈಜಿಕೊಂಡು ಹೋಗಿ ಬರುತ್ತಿದ್ದ, ಹೊನ್ನಿಗೆ ಬಾಯಲ್ಲಿ ಕಚ್ಚಿಕೊಂಡು ಒಂದೆರಡು ಗೆಣಸು ಒಯ್ದು ಕೊಡುತ್ತಿದ್ದ. ಆದರೆ ಮೈತುಂಬ ಮುಳ್ಳಿರುವವರನ್ನು ಬೆನ್ನ ಮೇಲೆ ಕೂರಿಸಿಕೊಳ್ಳುವ ಧೈರ್ಯ ಅವನಿಗೂ ಇರಲಿಲ್ಲ.

ಒಂದು ದಿನ ಮಾದಣ್ಣ ಸುದ್ದಿ ತಂದ. ಮುಂದಿನ ಹುಣ್ಣಿಮೆ ಹೊತ್ತಿಗೆ ಹೊನ್ನಿಗೆ ಹೆರಿಗೆ ಆಗಬಹುದು, ಹೊಟ್ಟೆ ನೋಡಿದರೆ ಅವಳಿ ಮರಿಗಳ ಹಾಗಿದೆ, ಅವಳು ತುಂಬ ಸೊರಗಿದ್ದಾಳೆ ಎಂದ.

ದ್ಯಾವಮ್ಮ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. "ಬಾಣಂತನಕ್ಕೆ ನಾನಲ್ಲದೆ ಅವಳಿಗೆ ಇನ್ನು ಯಾರಿದ್ದಾರೆ? ಒಂದು ಮರಿಯನ್ನ ಅವಳು ಬೆಚ್ಚಗೆ ಇಟ್ಟುಕೊಂಡರೆ ಇನ್ನೊಂದನ್ನ ಯಾರು ಇಟ್ಟುಕೊಳ್ಳಬೇಕು?" ಎಂದಳು.

"ಅಳಬೇಡ ಕಣೇ," ಎಂದ ಕೆಂಚಪ್ಪ. "ನಾನು ದೋಣಿ ಮಾಡ್ತೀನಿ. ಹಾಯಿ ಕಟ್ಟಿದ ದೋಣಿ. ನಿನ್ನನ್ನ ಮಹಾರಾಣಿ ಹಾಗೆ ಕರಕೊಂಡು ಹೋಗ್ತೀನಿ."

ಇಲ್ಲಿಯವರೆಗೆ ಅವನ ಮೇಲೆ ನನಗೇನೂ ಸಿಟ್ಟಿಲ್ಲ. ಕೆಲಸದಲ್ಲಿ ಅವನಿಗೆ ಹೆಸರಿಡುವ ಹಾಗಿರಲಿಲ್ಲ. ಹಲಸಿನ ಮರವನ್ನು ಹಲ್ಲಿನಿಂದಲೇ ಕೊರೆದು ಹಲಗೆ ಮಾಡಿದ. ಮೊಳೆ ಬೇಕಾದಾಗಲೆಲ್ಲ ತನ್ನ ಬೆನ್ನಿನಿಂದಲೇ ಒಂದೊಂದು ಮುಳ್ಳು ಕಿತ್ತು ಹೊಡೆದ. ಹಲಗೆಗಳ ನಡುವಿನ ಸಂದುಗಳಿಗೆ ನಾರು ತುರುಕಿದ. ಸಿಂಪಿಗ ಹಕ್ಕಿ ತೇಗದ ಎಲೆಗಳನ್ನು ಜೋಡಿಸಿ ಹಾಯಿ ಹೊಲಿದುಕೊಟ್ಟಿತು. ಎಲ್ಲ ಕೆಲಸವೂ ನಡೆದದ್ದು ಬಿಲದ ಒಳಗೆ, ಒಲೆಯ ಪಕ್ಕದಲ್ಲಿ. ಇಷ್ಟು ದೊಡ್ಡ ದೋಣಿ ಬಾಗಿಲಲ್ಲಿ ಹೊರಗೆ ಬರುವುದಿಲ್ಲ ಎಂದು ಪಕ್ಕದ ಬಿಲದ ಮೊಲ ನಕ್ಕಿತು. ಕೆಂಚಪ್ಪ ಬಾಗಿಲನ್ನು ಮೊದಲೇ ಬಳ್ಳಿಯಲ್ಲಿ ಅಳೆದುಕೊಂಡಿದ್ದ. ಅಷ್ಟು ಬುದ್ಧಿವಂತ. ಬುದ್ಧಿ ಇಲ್ಲದವನಾಗಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ ನನಗೆ.

ಈ ಕೆಲಸ ನಡೆದ ಅಷ್ಟೂ ದಿನ ದ್ಯಾವಮ್ಮನ ಹಿಟ್ಟಿನಲ್ಲಿ ಮರದ ಹೊಟ್ಟು, ಸಾರಿನಲ್ಲಿ ಮರದ ಹೊಟ್ಟು. ಮಲಗಲು ಜಾಗವಿಲ್ಲದೆ ಅವಳು ಗೋಡೆಗೆ ಒರಗಿ ಕೂತೇ ನಿದ್ದೆ ಮಾಡಿದಳು. ತಂಗಿಗಾಗಿ ಅಲ್ಲವೇ ಎಂದು ತುಟಿ ಪಿಟಕ್ಕೆನ್ನಲಿಲ್ಲ.

ಅಮಾವಾಸ್ಯೆಯ ದಿನ ದೋಣಿ ಮುಗಿಯಿತು. ಹುಣ್ಣಿಮೆಗೆ ಇನ್ನೂ ಹದಿನೈದು ದಿನವಿತ್ತು. ಮಾದಣ್ಣ ಬಂದು ದೋಣಿಯನ್ನು ಸುತ್ತ ನೋಡಿದ, ಸಂದುಗಳ ಮೇಲೆ ಕೈಯಾಡಿಸಿದ. ಹುಟ್ಟಿದಾಗಿನಿಂದ ನೀರಲ್ಲೇ ಇದ್ದವನು, ಅವನಿಗೆ ಗೊತ್ತಿರದ್ದು ಏನಿದೆ.

"ಚೆನ್ನಾಗಿದೆ ಕೆಂಚಪ್ಪ. ಇವತ್ತೇ ಇದನ್ನ ಕೆರೆಗೆ ಇಳಿಸಿ, ಒಳಗೆ ಕಲ್ಲು ಹೇರಿ ದಡದ ನೀರಲ್ಲಿ ಮುಳುಗಿಸಿಡು. ಮೂರು ದಿನ ನೀರು ಕುಡಿಯಲಿ. ಒಣ ಹಲಗೆ ನೀರು ಕುಡಿದರೆ ಉಬ್ಬುತ್ತೆ, ಸಂದು ತಾನಾಗೇ ಮುಚ್ಚಿಕೊಳ್ಳುತ್ತೆ. ಆಮೇಲೆ ಒಂದು ಹನಿ ಒಳಗೆ ಬರಲ್ಲ."

ಕೆಂಚಪ್ಪನಿಗೆ ಯಾರೋ ಕೆನ್ನೆಗೆ ಹೊಡೆದಂತಾಯಿತು. "ಹೊಸ ದೋಣಿಯನ್ನ ಮುಳುಗಿಸೋದಾ? ಕಲೆ ಬಿದ್ದರೆ ಹೋಗುತ್ತಾ?" ಎಂದ.

"ದೋಣಿ ಇರೋದೇ ನೀರಿಗೆ," ಎಂದ ಮಾದಣ್ಣ.

ಹೇಳಿ ಏನು ಪ್ರಯೋಜನ? ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ಅವನದು. ಪಕ್ಕದ ಬಿಲದ ಮೊಲಕ್ಕೆ ಈ ಗಾದೆ ಹಿಡಿಸುವುದಿಲ್ಲ, ಆದರೆ ನಾನೇನು ಮಾಡಲಿ, ಕೆಂಚಪ್ಪನಿಗೆ ಒಪ್ಪುವ ಗಾದೆ ಬೇರೆ ಇಲ್ಲ.

ಅಂದಿನಿಂದ ಶುರುವಾಯಿತು ನೋಡಿ ಉಪಚಾರ. ಬೆಳಗ್ಗೆ ಎದ್ದರೆ ದೋಣಿಗೆ ಹೊಂಗೆ ಎಣ್ಣೆ ಹಚ್ಚಿ ತಿಕ್ಕುವುದು. ಥಂಡಿ ತಾಗಬಾರದೆಂದು ಒಲೆ ಆರದಂತೆ ಸೌದೆ ಒಟ್ಟುವುದು. ನೋಡಲು ಬಂದವರು ಹೊರಗೇ ಕಾಲು ತೊಳೆದು, ಒರೆಸಿಕೊಂಡು ಒಳಗೆ ಬರಬೇಕು, ಮುಟ್ಟಬಾರದು. ಜಿಂಕೆ ಬಂತು, ಕಾಡುಕೋಳಿ ಬಂತು, ಮೂರು ಹಳ್ಳ ದಾಟಿ ಕರಡಿಯ ಸಂಸಾರವೇ ಬಂತು. ಎಲ್ಲರೂ ಹೊಗಳಿದರು. ಒಬ್ಬೊಬ್ಬರು ಹೊಗಳಿದಾಗಲೂ ಕೆಂಚಪ್ಪನ ಮುಳ್ಳುಗಳು ಒಂದು ಗೇಣು ಮೇಲೇಳುತ್ತಿದ್ದವು.

ದ್ಯಾವಮ್ಮ ದಿನಕ್ಕೆ ಮೂರು ಸಲ ಕೇಳಿದಳು. ಮೊದಲ ಸಲ ಮೆಲ್ಲಗೆ, ಎರಡನೆಯ ಸಲ ಜೋರಾಗಿ, ಮೂರನೆಯ ಸಲ ಪಾತ್ರೆ ಕುಕ್ಕಿ. ನಾಳೆ ಇಳಿಸೋಣ ಎಂದ. ಇನ್ನೊಂದು ಸಲ ಎಣ್ಣೆ ಹಿಡಿಯಲಿ ಎಂದ. ಮಂಗಳವಾರ ಬೇಡ ಎಂದ. ಮೋಡ ಇದೆ, ನೆನೆಯುತ್ತದೆ ಎಂದ. ಕೇಳಿದಿರಾ, ದೋಣಿ ನೆನೆಯುತ್ತದಂತೆ.

"ಏನ್ರೀ, ಹುಣ್ಣಿಮೆಗೆ ಇನ್ನು ನಾಲ್ಕೇ ದಿನ," ಎಂದಳು ದ್ಯಾವಮ್ಮ. "ಮಾದಣ್ಣ ಹೇಳಿದ ಹಾಗೆ ಮಾಡೋಕೆ ಮೂರು ದಿನ ಬೇಕು. ಈಗಲಾದರೂ ಇಳಿಸ್ತೀರೋ ಇಲ್ಲವೋ?"

"ನಾನು ಬಡಿದ ದೋಣಿ ಕಣೇ ಇದು. ಇದಕ್ಕೆ ಆ ನೀರುನಾಯಿಯ ಔಷಧ ಬೇಡ. ಹುಣ್ಣಿಮೆ ದಿನ ಬೆಳಗ್ಗೆ ಇಳಿಸಿದರೆ ಮಧ್ಯಾಹ್ನಕ್ಕೆ ಅಲ್ಲಿರ್ತೀವಿ."

ಮರಿಗಳು ಹುಟ್ಟುವುದು ಪಂಚಾಂಗ ನೋಡಿಕೊಂಡಲ್ಲ. ಹುಣ್ಣಿಮೆಗೆ ಇನ್ನೂ ಎರಡು ದಿನ ಇರುವಾಗಲೇ, ಬೆಳಗ್ಗೆ, ಮಾದಣ್ಣ ಏದುಸಿರು ಬಿಡುತ್ತ ಬಂದ. ಹೊನ್ನಿಗೆ ನೋವು ಶುರುವಾಗಿತ್ತು. ಅಕ್ಕನನ್ನು ಕರೆದುಕೊಂಡು ಬಾ ಎಂದು ಅಳುತ್ತಿದ್ದಾಳೆ ಎಂದ.

ದ್ಯಾವಮ್ಮ ಕಟ್ಟಿಟ್ಟಿದ್ದ ಗಂಟು ಎತ್ತಿಕೊಂಡಳು. ಅದರಲ್ಲಿ ಬಾಣಂತಿಗೆ ಗೆಡ್ಡೆ ಗೆಣಸು, ಮರಿಗಳಿಗೆ ಹಾಸಲು ಬೂರುಗದ ಹತ್ತಿ ಇದ್ದವು. ಎಲ್ಲರೂ ಸೇರಿ ದೋಣಿಯನ್ನು ಎಳೆದರು. ಅದು ಬಾಗಿಲಲ್ಲಿ ಎಲ್ಲೂ ತಾಗದೆ ನಯವಾಗಿ ಹೊರಗೆ ಬಂತು. ಬಿಸಿಲಿಗೆ ಫಳಫಳ ಹೊಳೆಯಿತು. ಆ ಗಡಿಬಿಡಿಯಲ್ಲೂ ಕೆಂಚಪ್ಪ ಮೊಲದ ಕಡೆ ತಿರುಗಿ, ನೋಡಿದೆಯಾ ಎಂದು ಕೇಳಲು ಮರೆಯಲಿಲ್ಲ.

ದೋಣಿ ನೀರಿಗಿಳಿಯಿತು. ಹಾಯಿ ಗಾಳಿ ತುಂಬಿಕೊಂಡಿತು. ಹತ್ತು ಮಾರು ಹೋಗುವಷ್ಟರಲ್ಲಿ ದ್ಯಾವಮ್ಮನ ಕಾಲು ಒದ್ದೆಯಾಯಿತು.

ಹದಿಮೂರು ದಿನ ಒಲೆಯ ಪಕ್ಕ ಒಣಗಿದ ಹಲಗೆಗಳು ಸೊರಗಿ ಸಣ್ಣಗಾಗಿದ್ದವು. ಎರಡು ಹಲಗೆಗಳ ನಡುವೆ ಬೆರಳು ತೂರುವಷ್ಟು ಸಂದು. ಎಲ್ಲ ಸಂದಿನಿಂದಲೂ ನೀರು ನುಗ್ಗಿತು. ದ್ಯಾವಮ್ಮ ಬೊಗಸೆಯಲ್ಲಿ ಮೊಗೆದು ಹಾಕಿದಳು. ಮೊಗೆದದ್ದಕ್ಕಿಂತ ಬಂದದ್ದೇ ಹೆಚ್ಚು. ಗಂಟು ನೆನೆಯಿತು, ಹತ್ತಿ ಹಿಟ್ಟಿನ ಮುದ್ದೆಯಾಯಿತು. ಮಾದಣ್ಣ ಹಿಂದೆಯೇ ಈಜಿ ಬಂದಿದ್ದರಿಂದ ಸರಿಹೋಯಿತು. ಅವನು ಹಗ್ಗ ಕಚ್ಚಿ ದೋಣಿಯನ್ನು ದಡದ ಕಡೆ ಎಳೆದ. ಮೊಣಕಾಲುದ್ದದ ನೀರಿಗೆ ಬರುವ ಹೊತ್ತಿಗೆ ದೋಣಿ ಪೂರ್ತಿ ಮುಳುಗಿ ತಳ ಮುಟ್ಟಿತು.

ನಡುಗಡ್ಡೆಯಿಂದ ಹೊನ್ನಿ ಕೂಗುವುದು ಕೇಳಿಸುತ್ತಿತ್ತು. ದ್ಯಾವಮ್ಮ ನೀರಲ್ಲೇ ನಿಂತು ಆ ಕಡೆ ನೋಡಿದಳು. ಅವಳಿಗಾದ ಸಂಕಟವನ್ನು ನಾನು ಹೇಳಲಾರೆ.

ಆಗ ಕೆಂಚಪ್ಪ ಏನು ಮಾಡಿದ ಗೊತ್ತೇ? ಮೈ ಕೊಡವಿಕೊಂಡು ದೋಣಿಯ ಮೂತಿ ಹಿಡಿದು ದಡಕ್ಕೆ ಎಳೆಯತೊಡಗಿದ. ಮೊದಲು ಇದನ್ನು ಒಲೆಯ ಹತ್ತಿರ ಇಟ್ಟು ಚೆನ್ನಾಗಿ ಒಣಗಿಸಬೇಕು ಎಂದ.

ದ್ಯಾವಮ್ಮ ಮುಳುಗಿದ ದೋಣಿಯೊಳಗೆ ಹೋಗಿ ಕುತ್ತಿಗೆಯವರೆಗಿನ ನೀರಿನಲ್ಲಿ ಕೂತುಬಿಟ್ಟಳು.

"ಇದನ್ನ ಮೇಲೆ ಎತ್ತಿದರೆ ನನ್ನನ್ನೂ ಸೇರಿಸಿ ಎತ್ತಬೇಕು," ಎಂದಳು. "ಮಾದಣ್ಣ, ಕಲ್ಲು ತಂದು ಹಾಕು. ಇದು ನೀರು ಕುಡಿಯಲಿ."

ಮಾದಣ್ಣ ಕಲ್ಲು ಹೇರಿದ. ಆಮೇಲೆ ಹೊನ್ನಿಯ ಹತ್ತಿರ ಹೋಗಿ ತನಗೆ ತಿಳಿದಷ್ಟು ಮಾಡಿದ. ಆದರೆ ನೀರಲ್ಲಿ ಬದುಕುವವನ ಮೈ ಸದಾ ತಣ್ಣಗೆ. ಮರಿಯನ್ನು ಬೆಚ್ಚಗೆ ಇಡಲು ಅವನಿಂದ ಹೇಗಾದೀತು?

ದ್ಯಾವಮ್ಮ ಮೂರು ದಿನ ದಡ ಬಿಟ್ಟು ಕದಲಲಿಲ್ಲ. ನಾಲ್ಕನೆಯ ದಿನ ಕಲ್ಲು ತೆಗೆದು ನೀರು ಚೆಲ್ಲಿದರು. ಹಲಗೆಗಳು ಉಬ್ಬಿ ಒಂದಕ್ಕೊಂದು ಬಿಗಿಯಾಗಿ ಕಚ್ಚಿಕೊಂಡಿದ್ದವು. ಸಂದು ಎಲ್ಲಿತ್ತೆಂದು ಹುಡುಕಿದರೂ ಕಾಣದು. ದೋಣಿ ಗಾಳಿಗೆ ಸರಸರ ಸಾಗಿತು. ನಡುಗಡ್ಡೆ ಮುಟ್ಟುವವರೆಗೆ ಒಂದೇ ಒಂದು ಹನಿ ಒಳಗೆ ಬರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುವುದು ಇದಕ್ಕೇ.

ಹೊನ್ನಿ ಜೊಂಡಿನ ಗುಡಿಸಲಲ್ಲಿ ಮಲಗಿದ್ದಳು. ಅವಳ ಎದೆಗಂಟಿಕೊಂಡು ಒಂದು ಮರಿ ಹಾಲು ಕುಡಿಯುತ್ತಿತ್ತು. ಹುಟ್ಟಿದ್ದು ಎರಡು. ಎರಡನೆಯದನ್ನು ಬೆಚ್ಚಗೆ ಅಪ್ಪಿಕೊಳ್ಳಲು ಅವಳಿಗೆ ಕೈಯೂ ಸಾಲಲಿಲ್ಲ, ಶಕ್ತಿಯೂ ಸಾಲಲಿಲ್ಲ. ಅದು ಒಂದೇ ದಿನ ಇತ್ತು.

ದ್ಯಾವಮ್ಮ ತಂಗಿಯನ್ನು ತಬ್ಬಿಕೊಂಡು ಅತ್ತಳು. ಅಳು ನಿಂತ ಮೇಲೆ ಹೊನ್ನಿ ಕೇಳಿದಳು.

"ದೋಣಿ ಆಗಿ ಎಷ್ಟೋ ದಿನ ಆಯ್ತು ಅಂತ ಮಾದಣ್ಣ ಹೇಳ್ತಿದ್ದ. ಮತ್ತೆ ಯಾಕಕ್ಕ ಇಷ್ಟು ತಡ ಮಾಡಿದೆ?"

"ನಿನ್ನ ಭಾವನನ್ನೇ ಕೇಳು," ಎಂದಳು ದ್ಯಾವಮ್ಮ.

ಹೊನ್ನಿ ಬಾಗಿಲ ಕಡೆ ನೋಡಿದಳು. ಅಲ್ಲಿ ನಿಂತಿದ್ದ ಕೆಂಚಪ್ಪ ಬಾಯಿ ತೆರೆದ. ಅವನಲ್ಲಿದ್ದದ್ದು ಒಂದೇ ಉತ್ತರ: ದೋಣಿಗೆ ಕಲೆ ಬೀಳುತ್ತದೆಂದು ತಡ ಮಾಡಿದೆ. ಮರಿ ಕಳೆದುಕೊಂಡ ತಾಯಿಯ ಎದುರಿಗೆ ಆ ಮಾತನ್ನು ಹೇಗೆ ಆಡಿಯಾನು?

ನೀತಿ: ನಾಲ್ಕು ಜನ ನೋಡಿ ಹೊಗಳಲೆಂದು ಜೋಪಾನ ಮಾಡಿಟ್ಟ ವಸ್ತು ನಮ್ಮವರ ಕಷ್ಟದ ಹೊತ್ತಿಗೆ ಒದಗುವುದಿಲ್ಲ.