ಮುಳ್ಳು ಏರದ ಕಾರು

ಹೊಳೆದಂಡೆಯ ಆಶ್ರಮದಲ್ಲಿ ಒಂದು ಹಳೆಯ ಡೀಸೆಲ್ ಕಾರಿತ್ತು. ಯಾರೋ ಭಕ್ತರು ಬಿಟ್ಟುಹೋದದ್ದು. ಸುತ್ತಲಿನ ಕಲ್ಲುಕ್ವಾರಿಗಳಲ್ಲಿ ಯಾರಿಗಾದರೂ ಪೆಟ್ಟಾದರೆ ಗುಡ್ಡ ಹತ್ತಿಸಿ ಪೇಟೆಯ ಆಸ್ಪತ್ರೆಗೆ ಮುಟ್ಟಿಸುವುದು ಅದರ ಕೆಲಸ. ಓಡಿಸುವುದು ಶಿಷ್ಯ ಉಜ್ಜಿನಪ್ಪನ ಕೆಲಸ.

ಆ ದಿನ ಕಾರು ಮಧ್ಯಾಹ್ನ ಮೂರೂವರೆಗೆ ಹಿಂತಿರುಗಿತು. ಹಿಂದೆ ಬಿಳಿ ಹೊಗೆ. ಒಳಗಿನಿಂದ ಕ್ವಾರಿಯ ಕೂಲಿ ದುರುಗಮ್ಮ ಇಳಿದಳು. ಬಲಗೈಯನ್ನು ಎಡಗೈಯಲ್ಲಿ ಕೂಸಿನ ಹಾಗೆ ಹಿಡಿದಿದ್ದಳು. ಬೆಳಿಗ್ಗೆ ಹೋಗುವಾಗ ಸುತ್ತಿದ್ದ ಸೀರೆಯ ಚೂರು ಹಾಗೆಯೇ ಇತ್ತು.

ಆಶ್ರಮದ ಗುರುವನ್ನು ಎಲ್ಲರೂ ಅಜ್ಜಯ್ಯ ಎನ್ನುತ್ತಿದ್ದರು. ಅಜ್ಜಯ್ಯ ಕಟ್ಟೆಯ ಮೇಲೆ ಕುಳಿತು ಅಂಬಲಿ ಕುಡಿಯುತ್ತಿದ್ದರು. ಬಟ್ಟಲು ಕೆಳಗಿಟ್ಟರು.

“ಕೈಗೆ ಕಟ್ಟು ಹಾಕಲಿಲ್ಲವೇನೋ?”

“ಇಲ್ಲ ಅಜ್ಜಯ್ಯ. ನಾಳೆ ಬನ್ನಿ ಅಂದ್ರು,” ಎಂದ ಉಜ್ಜಿನಪ್ಪ.

“ಯಾರು, ಡಾಕ್ಟರಾ?”

“ಕಾಂಪೌಂಡರು. ಹೊರಗೆ ಕೂತಿರಿ, ಕರೀತೀನಿ ಅಂದ್ರು. ಎರಡು ಗಂಟೆಗೆ ಬಾಗಿಲು ಹಾಕಿದ್ರು.”

“ಹೋಗಿದ್ದು ಎಷ್ಟು ಹೊತ್ತಿಗೆ?”

“ಒಂಬತ್ತಕ್ಕೆ. ಏಳೂವರೆಗೇ ಮುಟ್ಟಬೇಕಿತ್ತು. ಕಾರು ಏರು ಎಳೆಯಲಿಲ್ಲ.”

“ಒಂಬತ್ತರಿಂದ ಎರಡರವರೆಗೆ. ಎಲ್ಲರನ್ನೂ ಹಾಗೇ ಕೂರಿಸಿದ್ದನಾ?”

ಉತ್ತರ ಕೊಟ್ಟವಳು ದುರುಗಮ್ಮ.

“ನಮ್ಮ ಹಿಂದೆ ಬಂದೋರು ಹನ್ನೊಂದು ಮಂದಿ ಒಳಗೆ ಹೋದ್ರು ಅಜ್ಜಯ್ಯ. ಕುಂತು ಎಣಿಸಿದೀನಿ. ಒಬ್ಬಂಗೆ ಬರೀ ನೆಗಡಿ. ನನ್ನ ನೋಡಿ, ಕ್ವಾರಿಯೋರು ಧೂಳು ಹೊತ್ಕೊಂಡು ಬರ್ತೀರಿ, ಬೇವಿನ ಮರದ ಕೆಳಗೆ ಕುಂದ್ರು ಅಂದ.”

“ಇವನು ಏನಂದ?”

“ಈ ಸಾಮೇರಾ? ನನ್ನ ಪಕ್ಕ ಕುಂತು ಪುಸ್ತಕ ಓದ್ತಿದ್ರು. ಕಲ್ಲಾದಂಗೆ. ನಾನು ಕಲ್ಲು ಒಡೆಯೋಳು. ಕೈ ನೆಟ್ಟಗಿದ್ದಿದ್ರೆ ಒಂದೇಟು ಹಾಕಿ ನೋಡ್ತಿದ್ದೆ, ಒಳಗೆ ಏನೈತೆ ಅಂತ.”

ಉಜ್ಜಿನಪ್ಪ ನಕ್ಕ. ನಗುವುದು ಅವನಿಗೆ ಈಗ ಕಷ್ಟವಾಗುತ್ತಿರಲಿಲ್ಲ. ಮೂರು ವರ್ಷದ ಹಿಂದೆ, ಉಪ್ಪು ಕಡಿಮೆಯಾಯಿತೆಂದು, ಪಂಕ್ತಿಯ ಮಧ್ಯೆ ಸಾರಿನ ಕೊಳಗವನ್ನೇ ಬೋರಲು ಹಾಕಿದವನು ಅವನು. ಆ ನಾಚಿಕೆಯಲ್ಲಿ, ಇನ್ನು ಸಿಟ್ಟಾಗುವುದಿಲ್ಲ ಎಂದು ಗದ್ದುಗೆ ಮುಟ್ಟಿ ಹೇಳಿದ್ದ. ಅಂದಿನಿಂದ ಆಗಿರಲಿಲ್ಲ. ಊರವರು ಹೊಗಳುತ್ತಿದ್ದರು. ಅಜ್ಜಯ್ಯ ಮಾತ್ರ ಒಂದು ದಿನವೂ ಹೊಗಳಿರಲಿಲ್ಲ.

“ಹನ್ನೊಂದು ಜನ ಹೋಗೋದನ್ನು ನೀನೂ ನೋಡಿದೆಯಾ?”

“ನೋಡಿದೆ.”

“ಮತ್ತೆ?”

“ಸಿಟ್ಟು ಬರಲಿಲ್ಲ ಅಜ್ಜಯ್ಯ.” ಕೇಳಿದ್ದಕ್ಕೆ ಸರಿಯಾದ ಉತ್ತರ ಕೊಟ್ಟ ವಿದ್ಯಾರ್ಥಿಯ ಹಾಗೆ ಹೇಳಿದ.

“ಬರಲಿಲ್ಲ,” ಎಂದರು ಅಜ್ಜಯ್ಯ. ಅಂಬಲಿಯ ಬಟ್ಟಲನ್ನು ಕಾಲಿನಿಂದ ಅತ್ತ ಸರಿಸಿದರು. ಅನ್ನವನ್ನು ಕಾಲಿನಲ್ಲಿ ಮುಟ್ಟಿದ್ದನ್ನು ಆ ಆಶ್ರಮದಲ್ಲಿ ಯಾರೂ ಕಂಡಿರಲಿಲ್ಲ.

“ನಾಟಿ ವೈದ್ಯ ಮುಟ್ಟಾಕಿಲ್ಲ ಅಂದ ಅಜ್ಜಯ್ಯ,” ಎಂದಳು ದುರುಗಮ್ಮ. “ಎರಡು ಮೂಳೆ ಹೋಗ್ಯಾವಂತೆ. ಸುತ್ತಿಗೆ ಹಿಡಿಯೋ ಕೈ ಇದು. ಸೊಟ್ಟಗೆ ಕೂಡಿಕೊಂಡ್ರೆ ಆಮೇಲೆ ಯಾವ ಡಾಕ್ಟರು ಏನು ಮಾಡ್ಯಾನು?”

“ನಾಳೆ ಬೆಳಿಗ್ಗೆ ಮತ್ತೆ ಹೋಗುತ್ತೀಯ. ಇವತ್ತು ಇಲ್ಲೇ ಮಲಗು,” ಎಂದು ಅಜ್ಜಯ್ಯ ಎದ್ದರು. ಶಿಷ್ಯನ ಕಡೆ ತಿರುಗಿದರು. “ಕಾರಿಗೆ ಏನಾಗಿದೆ?”

ಉಜ್ಜಿನಪ್ಪನಿಗೆ ಹಾಯೆನಿಸಿತು. ಕಾರಿನ ಮಾತು ಸುಲಭ.

“ಡೀಸೆಲ್ ಕೆಟ್ಟದ್ದಿರಬೇಕು. ಫಿಲ್ಟರ್ ಬದಲಿಸಿದೆ. ಆದರೂ ಬಿಳಿ ಹೊಗೆ. ಮೊದಲಿಗಿಂತ ಒಂದೂವರೆ ಪಾಲು ಕುಡಿಯುತ್ತೆ. ಏರಿನಲ್ಲಿ ಏದುಸಿರು ಬಿಡುತ್ತೆ.”

“ಬಿಸಿ ತೋರಿಸೋ ಮುಳ್ಳು ಎಲ್ಲಿ ನಿಲ್ಲುತ್ತೆ?”

“ತಳದಲ್ಲೇ. ಅದೊಂದು ಒಳ್ಳೇದು ಅಜ್ಜಯ್ಯ. ಎಷ್ಟು ಓಡಿಸಿದರೂ ತಣ್ಣಗಿರುತ್ತೆ.”

“ಮುಳ್ಳೇ ಕೆಟ್ಟಿರಬಹುದಲ್ಲ?”

“ಇಲ್ಲ. ಗುಡ್ಡ ಇಳಿದ ಮೇಲೆ ಕೈಯಿಟ್ಟು ನೋಡಿದೆ. ಎಂಜಿನ್ ಉಗುರುಬೆಚ್ಚಗೆ ಮಾತ್ರ.”

“ಆಯಿಲ್ ಹಾಕೋ ಮುಚ್ಚಳ ಬಿಚ್ಚು.”

ಬಿಚ್ಚಿದ. ಮುಚ್ಚಳದ ಒಳಗೆ ಮಜ್ಜಿಗೆಯ ನೊರೆಯಂಥ ಲೋಳೆ ಅಂಟಿತ್ತು. ಅಜ್ಜಯ್ಯ ಅದನ್ನು ಬೆರಳಿನಲ್ಲಿ ತೆಗೆದು ಶಿಷ್ಯನ ಕಣ್ಣ ಮುಂದೆ ಹಿಡಿದರು.

“ಒಳಗೆ ಕೂತ ತೇವ. ಆರುವಷ್ಟು ಬಿಸಿ ಇಲ್ಲ. ಇದನ್ನು ಒಳ್ಳೇದು ಅಂತೀಯ.”

ಕಾವಿ ಉಡುವ ಮೊದಲು ಅಜ್ಜಯ್ಯ ಹದಿನೆಂಟು ವರ್ಷ ಅದಿರು ಲಾರಿ ಓಡಿಸಿದವರು. ಎಂಜಿನ್ ತಣಿಯಲು ಬಿಟ್ಟರು. ಹೊತ್ತು ಇಳಿಯುವಾಗ ಮತ್ತೆ ಚಾಲೂ ಮಾಡಿಸಿದರು.

“ಮೇಲಿನ ಪೈಪು ಮುಟ್ಟು. ಎಂಜಿನ್ನಿಂದ ರೇಡಿಯೇಟರಿಗೆ ನೀರು ಹೋಗುವ ಪೈಪು.”

ಮುಟ್ಟಿದ. ಎರಡು ನಿಮಿಷ ಕಳೆಯಿತು.

“ಬೆಚ್ಚಗಾಗ್ತಾ ಇದೆ.”

“ಎಂಜಿನ್ ಇನ್ನೂ ಕಾದಿಲ್ಲ. ಆಗಲೇ ನೀರು ಹೊರಗೆ ಓಡುತ್ತಿದೆ. ಅಲ್ಲಿ ಒಂದು ಬಾಗಿಲಿರಬೇಕು, ಎಂಜಿನ್ ಕಾಯುವವರೆಗೆ ಮುಚ್ಚಿಕೊಂಡು. ಎಲ್ಲಿ ಅದು?”

ಉಜ್ಜಿನಪ್ಪನಿಗೆ ಆಗ ನೆನಪಾಯಿತು.

“ಬೇಸಿಗೆಯಲ್ಲಿ ಒಂದು ಸಲ ಏರಿನಲ್ಲಿ ಕುದಿಯಿತು ಅಜ್ಜಯ್ಯ. ರಸ್ತೆ ಮಧ್ಯೆ ನಿಂತು ಎಲ್ಲರೂ ನಗುವ ಹಾಗಾಯಿತು. ಪೇಟೆಯ ಮೇಸ್ತ್ರಿ, ಇದು ಚಳಿ ದೇಶದವರಿಗೆ, ನಮ್ಮ ಸೀಮೆಗೆ ಬೇಡ ಅಂತ ಆ ವಾಲ್ವನ್ನೇ ಕಿತ್ತ. ಇಲ್ಲಿ ಎಲ್ಲರೂ ಕೀಳಿಸುತ್ತಾರೆ. ಆಮೇಲೆ ಒಂದು ದಿನವೂ ಕುದಿದಿಲ್ಲ.”

“ಕುದಿದ ದಿನ ರೇಡಿಯೇಟರಿನ ನೀರು ನೋಡಿ ಹೊರಟಿದ್ದೆಯಾ?”

ಉಜ್ಜಿನಪ್ಪ ನೆಲ ನೋಡಿದ. “ಮರೆತಿದ್ದೆ.”

“ನೀರು ಮರೆತವನು ನೀನು. ಕಿತ್ತದ್ದು ಅದನ್ನು.”

“ಆಗ ಗೊತ್ತಾಗಲಿಲ್ಲ…”

“ಎಲ್ಲಿದೆ ಈಗ?”

“ನನ್ನ ಕೋಣೆಯಲ್ಲಿ. ಹೊಳೆಯ ಗಾಳಿಗೆ ಹಾಳೆ ಹಾರಬಾರದು ಅಂತ ಪುಸ್ತಕದ ಮೇಲೆ ಇಟ್ಟುಕೊಂಡಿದ್ದೇನೆ.”

ಅಜ್ಜಯ್ಯ ತಾವೇ ಹೋಗಿ ತಂದರು. ಒಂದು ಕೈಯಲ್ಲಿ ವಾಲ್ವು, ಲಿಂಬೆಹಣ್ಣಿನ ಗಾತ್ರದ ಹಿತ್ತಾಳೆ ತುಂಡು. ಇನ್ನೊಂದು ಕೈಯಲ್ಲಿ ಪುಸ್ತಕ. ನೇರ ಅಡುಗೆಮನೆಗೆ ನಡೆದರು. ದುರುಗಮ್ಮ ಒಲೆಯ ಪಕ್ಕ ಕುಳಿತಿದ್ದಳು. ಒಲೆಯ ಮೇಲೆ ನೀರಿತ್ತು. ಅಜ್ಜಯ್ಯ ವಾಲ್ವನ್ನು ದಾರಕ್ಕೆ ಕಟ್ಟಿ ಅದರೊಳಗೆ ಇಳಿಬಿಟ್ಟರು.

“ಇದೇನು ಅಜ್ಜಯ್ಯ, ಹಿತ್ತಾಳೆ ಸಾರಾ?” ಎಂದಳು ದುರುಗಮ್ಮ.

“ಇವನಿಗೆ ಊಟ,” ಎಂದರು ಅಜ್ಜಯ್ಯ.

ನೀರು ಬೆಚ್ಚಗಾಯಿತು. ವಾಲ್ವು ಬಿಗಿಯಾಗಿ ಮುಚ್ಚಿಕೊಂಡೇ ಇತ್ತು. ನೀರು ಬಿಸಿಯಾಯಿತು. ಆಗಲೂ ಮುಚ್ಚಿತ್ತು. ತಳದಿಂದ ಗುಳ್ಳೆಗಳು ಏಳತೊಡಗಿದಾಗ ಅದರ ತಟ್ಟೆ ಮೆಲ್ಲಗೆ ಕದಲಿ, ಬೆರಳು ತೂರುವಷ್ಟು ತೆರೆಯಿತು. ಹೊರಗೆತ್ತಿ ಹಿಡಿದರು. ತಣಿಯುತ್ತ ತಣಿಯುತ್ತ ತಾನಾಗಿ ಮುಚ್ಚಿಕೊಂಡಿತು.

“ಕೆಟ್ಟಿಲ್ಲ,” ಎಂದ ಉಜ್ಜಿನಪ್ಪ. ಧ್ವನಿ ಸಣ್ಣದಾಗಿತ್ತು.

“ಯಾವತ್ತೂ ಕೆಟ್ಟಿರಲಿಲ್ಲ. ಏನು ಮಾಡುತ್ತೆ ಇದು? ಬಿಸಿ ಆಗಬೇಡ ಅನ್ನುತ್ತಾ?”

“ಇಲ್ಲ. ಕೆಲಸಕ್ಕೆ ಬೇಕಾದಷ್ಟು ಬಿಸಿ ಆಗೋವರೆಗೆ ಬಿಡೋದಿಲ್ಲ. ಹೆಚ್ಚಾದರೆ ಬಿಡುತ್ತೆ.”

ಅಜ್ಜಯ್ಯ ವಾಲ್ವನ್ನು ಅವನ ಅಂಗೈಗೆ ಹಾಕಿದರು.

ಅದನ್ನು ತಿರುಗಿಸಿ ನೋಡುತ್ತ ಉಜ್ಜಿನಪ್ಪ ಹೇಳಿದ: “ತಣ್ಣಗಿರು ಅಂತ ನೀವೇ ಹೇಳಿದ್ದಿರಿ.”

“ಸಾರು ಚೆಲ್ಲಿದವನಿಗೆ ಹೇಳಿದ್ದೆ,” ಎಂದರು ಅಜ್ಜಯ್ಯ. “ಜೋಡಿಸು, ಬೆಳಕಿರುವಾಗಲೇ.”

ಜೋಡಿಸಲು ಗ್ಯಾಸ್ಕೆಟ್ ಇರಲಿಲ್ಲ. ನೀರು ಸೋರದಂತೆ ನಡುವೆ ಒಂದು ರಟ್ಟಾದರೂ ಬೇಕು. ಅಜ್ಜಯ್ಯ ಕೈಯಲ್ಲಿದ್ದ ಪುಸ್ತಕದ ಹಿಂಬದಿಯ ರಟ್ಟನ್ನು ಸರ್ರನೆ ಹರಿದು ಕೊಟ್ಟರು. ಬೇವಿನ ಮರದ ಕೆಳಗೆ ಅವನು ಓದುತ್ತಿದ್ದ ಪುಸ್ತಕ ಅದು.

“ಅಜ್ಜಯ್ಯ, ಅದು ಶಾಸ್ತ್ರ.”

“ಇವತ್ತು ಉಪಯೋಗಕ್ಕೆ ಬಂತು.”

ರಟ್ಟನ್ನು ಉಂಗುರದಂತೆ ಕತ್ತರಿಸಿ, ಗ್ರೀಸು ಸವರಿ, ವಾಲ್ವು ಕೂರಿಸಿ, ಬೋಲ್ಟು ಬಿಗಿದು, ನೀರು ತುಂಬಿಸಿದ. ಮುಗಿಯುವಾಗ ದೀಪ ಹಚ್ಚುವ ಹೊತ್ತು.

ಮರುದಿನ ಬೆಳಗಿನ ಚಳಿಯಲ್ಲಿ ಕಾರು ಚಾಲೂ ಮಾಡಿದ. ದುರುಗಮ್ಮನನ್ನು ಮುಂದಿನ ಸೀಟಿಗೆ ಹತ್ತಿಸಲು ತೋಳು ಹಿಡಿದಾಗ ಅವಳ ಬಟ್ಟೆಯ ಸುತ್ತು ಸಡಿಲವಾಯಿತು. ಬೆರಳುಗಳು ಬಾಳೆಕಾಯಿಯಂತೆ ಊದಿದ್ದವು. ತಾಮ್ರದ ಉಂಗುರ ಮಾಂಸದೊಳಗೆ ಹೂತು ಕಾಣದಂತಾಗಿತ್ತು. ಸುತ್ತ ಚರ್ಮ ಕಪ್ಪಿಟ್ಟಿತ್ತು.

ಐದು ಗಂಟೆ ಈ ಕೈಯ ಪಕ್ಕದಲ್ಲೇ ಕುಳಿತಿದ್ದ. ನೋಡಿರಲಿಲ್ಲ.

“ಉಂಗುರ ಹೀಗೆ ಕಚ್ಚಿದೆ. ನಿನ್ನೆ ಯಾಕೆ ಹೇಳಲಿಲ್ಲ?”

“ನೀವು ಓದ್ತಿದ್ರಿ,” ಎಂದಳು ದುರುಗಮ್ಮ.

ಉಜ್ಜಿನಪ್ಪ ಬಾಗಿಲು ಹಾಕಿ, ಬಾನೆಟ್ಟಿನ ಬಳಿ ನಿಂತಿದ್ದ ಅಜ್ಜಯ್ಯನ ಹತ್ತಿರ ಬಂದ. ಮುಖದಲ್ಲಿ ನಗು ಇರಲಿಲ್ಲ.

“ಆ ಕಾಂಪೌಂಡರು ಇವತ್ತೂ ಮರದ ಕೆಳಗೆ ಕೂರು ಅಂದರೆ ಅವನಿಗೆ ಏನು ಹೇಳಲಿ?”

ಅಜ್ಜಯ್ಯ ಅವನ ಕೈ ಹಿಡಿದು ಮೇಲಿನ ಪೈಪಿನ ಮೇಲೆ ಇಟ್ಟರು.

“ತಣ್ಣಗಿದೆ ಅಜ್ಜಯ್ಯ.”

“ಇರಲಿ. ಕೈ ತೆಗೆಯಬೇಡ.”

ಎಂಜಿನ್ ಓಡುತ್ತಿತ್ತು. ಪೈಪು ತಣ್ಣಗೇ ಇತ್ತು. ಇಬ್ಬರೂ ನಿಂತಿದ್ದರು. ಬಿಳಿ ಹೊಗೆ ತೆಳುವಾಗಿ, ನಿಂತೇ ಹೋಯಿತು.

“ಸಾಮೇರೇ,” ಒಳಗಿನಿಂದ ದುರುಗಮ್ಮ ಕೂಗಿದಳು, “ಇಲ್ಲೊಂದು ಮುಳ್ಳು ಎದ್ದು ನಿಂತೈತೆ. ಅರ್ಧಕ್ಕೆ ಬಂತು.”

ಪೈಪಿನೊಳಗೆ ಏನೋ ನುಗ್ಗಿತು. ಉಜ್ಜಿನಪ್ಪ ಚಟ್ಟನೆ ಕೈ ಎಳೆದುಕೊಂಡ.

“ಸುಟ್ಟಿತಾ?”

“ಸುಟ್ಟಿತು.”

“ಈಗ ಹೊರಡು.”